ಹಿಂಡಿನ ದಾರಿಗೆ ಮನುಷ್ಯನ ಅಡ್ಡಿ: ನಮ್ಮ ಕಾಡಾನೆಗಳ ಬದಲಾಗುತ್ತಿರುವ ನಡವಳಿಕೆ

ಬೇಸಿಗೆ ರಜೆಯಲ್ಲಾಗಲಿ ದಸರೆಯ ದಿನಗಳಲ್ಲಾಗಲಿ ಊರಿಗೆ ತೆರಳಿ, ಅಲ್ಲಿಂದ ಮಕ್ಕಳೊಡನೆ ಮೈಸೂರು, ಊಟಿ, ವಯನಾಡುಗಳ ಕಡೆಗೆ ಹೊರಡುವ ಪರಿಪಾಠ ನಮ್ಮ ಹೊರನಾಡ ಕನ್ನಡ ಕುಟುಂಬಗಳಲ್ಲಿ ಬಹುಕಾಲದಿಂದ ಇದೆ. ಗುಂಡ್ಲುಪೇಟೆಯನ್ನು ದಾಟಿ ಬಂಡೀಪುರದ ಕಾಡನ್ನು ಹೊಗುವ ಹೆದ್ದಾರಿಗಳು ರಾತ್ರಿ 9 ಗಂಟೆಗೆ ಮುಚ್ಚಿ ಬೆಳಗಿನ 6 ಗಂಟೆಗೆ ತೆರೆಯುತ್ತವೆಂಬುದು ಆ ದಾರಿಯಲ್ಲಿ ಓಡಾಡಿದವರಿಗೆಲ್ಲ ತಿಳಿದ ಸಂಗತಿ. ಹತ್ತು ನಿಮಿಷ ತಡವಾಗಿ ತಪಾಸಣಾ ಠಾಣೆಯನ್ನು ತಲುಪಿ, ಮಲಗಿದ ಮಕ್ಕಳೊಡನೆ ಮರಳಿ ಗುಂಡ್ಲುಪೇಟೆಗೆ ಬಂದು ವಸತಿಗೃಹ ಹುಡುಕಬೇಕಾದವರಿಗೆ ಬೇಸರವಾಗುವುದು ಸಹಜ. ಖಾಲಿ ರಸ್ತೆಯಲ್ಲಿ ಒಂದು ಕಾರು ಸದ್ದಿಲ್ಲದೆ ಹೋಗಿಬಿಟ್ಟರೆ ಕಾಡಿನ ಪ್ರಾಣಿಗೆ ಆಗುವ ನಷ್ಟವಾದರೂ ಏನು ಎಂಬ ಪ್ರಶ್ನೆಯೂ ಅಷ್ಟೇ ಸಹಜವಾದುದು.

ಈ ಪ್ರಶ್ನೆಗೆ ಕಳೆದ ನಾಲ್ಕು ದಶಕಗಳಲ್ಲಿ ವಿಜ್ಞಾನಿಗಳು ಸಾಕಷ್ಟು ಉತ್ತರಗಳನ್ನು ಕಂಡುಕೊಂಡಿದ್ದಾರೆ. ಅವುಗಳಲ್ಲಿ ಹಲವು ನಮ್ಮ ಕರ್ನಾಟಕದ ಕಾಡುಗಳಲ್ಲಿಯೇ ದೊರೆತವು ಎಂಬುದು ಹೆಮ್ಮೆಯ ಮಾತು. ಗುಂಪಾಗಿ ಬಾಳುವ ಕಾಡುಪ್ರಾಣಿಗಳು, ಮುಖ್ಯವಾಗಿ ಆನೆಗಳು, ಮನುಷ್ಯನ ಸಾಮೀಪ್ಯದಿಂದ ತಮ್ಮ ನಡವಳಿಕೆಯನ್ನು ಹೇಗೆ ಬದಲಿಸಿಕೊಳ್ಳುತ್ತವೆ, ಆ ಬದಲಾವಣೆಯ ಬೆಲೆಯನ್ನು ಪ್ರಾಣಿಗಳೂ ಜನರೂ ಹೇಗೆ ತೆರುತ್ತಿದ್ದಾರೆ ಎಂಬುದನ್ನು ಇಲ್ಲಿ ಒಂದೆಡೆ ಸಂಗ್ರಹಿಸಿ ಓದುಗರ ಮುಂದಿಡುತ್ತಿದ್ದೇವೆ.

ಹಿಂಡು ಎಂಬ ವ್ಯವಸ್ಥೆ

ಆನೆಯ ಹಿಂಡು ಒಂದು ಕೂಡುಕುಟುಂಬ. ಹಿರಿಯ ಹೆಣ್ಣಾನೆ, ಅವಳ ಸೋದರಿಯರು, ಹೆಣ್ಣುಮಕ್ಕಳು ಮತ್ತು ಮರಿಗಳು ಅದರಲ್ಲಿರುತ್ತಾರೆ. ಗಂಡುಮರಿಗಳು ಹತ್ತರಿಂದ ಹದಿನೈದು ವರ್ಷದ ಪ್ರಾಯದಲ್ಲಿ ಹಿಂಡನ್ನು ತೊರೆದು ಬಹುಮಟ್ಟಿಗೆ ಒಂಟಿಯಾಗಿ ಅಲೆಯುತ್ತವೆ. ಇವುಗಳನ್ನೇ ನಾವು ಸಲಗಗಳೆನ್ನುವುದು. ಬರಗಾಲದಲ್ಲಿ ಯಾವ ಕೆರೆಯಲ್ಲಿ ನೀರು ಉಳಿದಿರುತ್ತದೆ, ಯಾವ ತಿಂಗಳಲ್ಲಿ ಯಾವ ಕಣಿವೆಯ ಬಿದಿರು ಚಿಗುರುತ್ತದೆ ಎಂಬ ತಿಳಿವಳಿಕೆ ಹಿರಿಯ ಹೆಣ್ಣಾನೆಗಳ ನೆನಪಿನಲ್ಲಿದ್ದು, ಜೊತೆಯಲ್ಲಿ ನಡೆದು ಕಲಿಯುವುದರ ಮೂಲಕ ಕಿರಿಯರಿಗೆ ದಾಟುತ್ತದೆ.

ವಯಸ್ಕ ಆನೆಯೊಂದಕ್ಕೆ ದಿನಕ್ಕೆ ಸುಮಾರು 150 ಕಿಲೋ ಮೇವು ಬೇಕು. ಅದಕ್ಕಾಗಿ ಅದು ದಿನದ ಅರ್ಧಕ್ಕಿಂತ ಹೆಚ್ಚು ಸಮಯವನ್ನು ಮೇಯುವುದರಲ್ಲಿಯೇ ಕಳೆಯಬೇಕಾಗುತ್ತದೆ. ಜಿಂಕೆ, ಕಡವೆ, ಮಲೆನಾಡಿನವರು ಕಾಟಿ ಎಂದು ಕರೆಯುವ ಕಾಡೆಮ್ಮೆ ಇವುಗಳಿಗೂ ಈ ನಿಯಮವೇ ಅನ್ವಯಿಸುತ್ತದೆ. ಇವು ಗುಂಪಾಗಿ ಬಾಳುವುದರಿಂದ ಒಂದು ಅನುಕೂಲವುಂಟು: ಅನೇಕ ಕಣ್ಣು ಕಿವಿಗಳು ಕಾವಲಿರುವಾಗ ಪ್ರತಿಯೊಂದೂ ತಲೆತಗ್ಗಿಸಿ ಮೇಯಲು ಹೆಚ್ಚು ಹೊತ್ತು ದೊರೆಯುತ್ತದೆ. ಹೀಗೆ ಮೇವಿಗೂ ಕಾವಲಿಗೂ ನಡುವೆ ಇರುವ ಸೂಕ್ಷ್ಮವಾದ ತೂಗುವಿಕೆಯೇ ಹಿಂಡಿನ ಬದುಕು. ಮನುಷ್ಯನ ಅಡ್ಡಿ ಮೊದಲು ತಟ್ಟುವುದು ಈ ತಕ್ಕಡಿಗೆ.

ಭಯದ ಲೆಕ್ಕಾಚಾರ

ಅಲೆಹಾಂಡ್ರೋ ಫ್ರಿಡ್ ಮತ್ತು ಲಾರೆನ್ಸ್ ಡಿಲ್ ಎಂಬ ವಿಜ್ಞಾನಿಗಳು 2002ರಲ್ಲಿ ಒಂದು ಮುಖ್ಯವಾದ ವಾದವನ್ನು ಮುಂದಿಟ್ಟರು. ಮನುಷ್ಯನು ಕೊಲ್ಲಲು ಬಂದಿರಲಿ, ಬರಿದೇ ನೋಡಲು ಬಂದಿರಲಿ, ಪ್ರಾಣಿಯು ಅವನನ್ನು ಬೇಟೆಗಾರ ಪ್ರಾಣಿಯಂತೆಯೇ ಎಣಿಸಿ ಲೆಕ್ಕ ಹಾಕುತ್ತದೆ ಎಂಬುದು ಅದರ ತಿರುಳು. ಸದ್ದು ಕೇಳಿದೊಡನೆ ತಲೆಯೆತ್ತಿ ನಿಲ್ಲುವ ಜಿಂಕೆಗೆ ಗಾಯವೇನೂ ಆಗುವುದಿಲ್ಲ. ಆದರೆ ಆ ನಿಮಿಷದ ಮೇವು ತಪ್ಪಿತು. ಓಡಿದರೆ ಮೈಯ ಶಕ್ತಿಯೂ ವ್ಯಯವಾಯಿತು. ಒಂದು ದಿನದಲ್ಲಿ ಇಂತಹ ಐವತ್ತು ಪ್ರಸಂಗಗಳು ಒದಗಿದರೆ, ಬೇಸಿಗೆಯ ಬಡ ಮೇವಿನ ದಿನಗಳಲ್ಲಿ ಅದು ಮರಿಗೆ ಹಾಲಾಗಬೇಕಾದ ಪೌಷ್ಟಿಕಾಂಶವನ್ನೇ ಕಸಿದುಕೊಳ್ಳುತ್ತದೆ.

ಭಯವನ್ನು ತಪ್ಪಿಸಿಕೊಳ್ಳಲು ಪ್ರಾಣಿಗಳಿಗೆ ಇರುವ ಇನ್ನೊಂದು ಉಪಾಯವೆಂದರೆ ಹೊತ್ತನ್ನು ಬದಲಿಸಿಕೊಳ್ಳುವುದು. ಜಗತ್ತಿನ ನಾನಾ ಭಾಗಗಳ 62 ಜಾತಿಯ ಸಸ್ತನಿಗಳನ್ನು ಕುರಿತ 76 ಅಧ್ಯಯನಗಳನ್ನು ಕ್ರೋಡೀಕರಿಸಿ 2018ರಲ್ಲಿ ಪ್ರಕಟಿಸಲಾದ ಸಂಶೋಧನೆಯೊಂದು, ಮನುಷ್ಯರ ಓಡಾಟವಿರುವೆಡೆ ಪ್ರಾಣಿಗಳ ರಾತ್ರಿ ಸಂಚಾರವು ಸರಾಸರಿ 1.36 ಪಟ್ಟು ಹೆಚ್ಚಿರುವುದನ್ನು ತೋರಿಸಿತು. ಬೇಟೆಯಿದ್ದೆಡೆ ಮಾತ್ರವಲ್ಲದೆ, ಚಾರಣಿಗರು ಸುಮ್ಮನೆ ನಡೆದಾಡುವ ಕಡೆಗಳಲ್ಲಿಯೂ ಈ ಬದಲಾವಣೆ ಕಂಡುಬಂದಿತು. ಹಗಲನ್ನು ನಮಗೆ ಬಿಟ್ಟುಕೊಟ್ಟು ಪ್ರಾಣಿಗಳು ಇರುಳನ್ನು ಆಯ್ದುಕೊಂಡಿವೆ. ರಾತ್ರಿಯ ರಸ್ತೆಯ ಪ್ರಶ್ನೆಯನ್ನು ಈ ಹಿನ್ನೆಲೆಯಲ್ಲಿ ನೋಡಬೇಕು.

ಮೂರನೆಯ ಪರಿಣಾಮ ನಡಿಗೆಯ ಮೇಲೆ ಆಗುತ್ತದೆ. 57 ಜಾತಿಗಳ 803 ಪ್ರಾಣಿಗಳಿಗೆ ಉಪಕರಣ ಕಟ್ಟಿ ಅವುಗಳ ಸಂಚಾರವನ್ನು ಅಳೆದ ಅಧ್ಯಯನವೊಂದು ಅದೇ 2018ರಲ್ಲಿ ಹೊರಬಂದಿತು. ಮನುಷ್ಯನ ಹೆಜ್ಜೆಗುರುತು ದಟ್ಟವಾಗಿರುವ ಪ್ರದೇಶಗಳಲ್ಲಿ ಪ್ರಾಣಿಗಳ ಓಡಾಟವು ಸಾಮಾನ್ಯ ಪ್ರಮಾಣದ ಅರ್ಧಕ್ಕೋ ಮೂರನೆಯ ಒಂದು ಭಾಗಕ್ಕೋ ಇಳಿದಿತ್ತು. 2020ರ ಕೋವಿಡ್ ದಿಗ್ಬಂಧನದ ಕಾಲದಲ್ಲಿ ಇದರ ತಿರುವು ಮುರುವನ್ನು ನೋಡುವ ಅವಕಾಶ ಒದಗಿತು. ಕಟ್ಟುನಿಟ್ಟಾದ ದಿಗ್ಬಂಧನವಿದ್ದ ಕಡೆ, ಹತ್ತು ದಿನಗಳ ಅವಧಿಯಲ್ಲಿ ಪ್ರಾಣಿಗಳ ದೀರ್ಘ ಸಂಚಾರಗಳು ಶೇ. 73ರಷ್ಟು ಹೆಚ್ಚಿದವೆಂದು 2023ರಲ್ಲಿ ಪ್ರಕಟವಾದ ವರದಿ ತಿಳಿಸುತ್ತದೆ. ಜನದಟ್ಟಣೆಯ ಪ್ರದೇಶಗಳಲ್ಲಿ ಅವು ರಸ್ತೆಗಳಿಗೆ ಮೊದಲಿಗಿಂತ ಶೇ. 36ರಷ್ಟು ಸಮೀಪಕ್ಕೆ ಬಂದಿದ್ದವು. ನಾವು ಹಿಂದೆ ಸರಿದರೆ ಪ್ರಾಣಿಗಳು ಬೇಗನೆ ತಮ್ಮ ಹಳೆಯ ನಡೆಗೆ ಮರಳಬಲ್ಲವು ಎಂಬ ಆಶಾದಾಯಕ ಸಂಗತಿ ಇದರಿಂದ ತಿಳಿಯಿತು.

ಮನುಷ್ಯನ ಸಾಮೀಪ್ಯವು ಯಾವಾಗಲೂ ದೂರ ಓಡಿಸುತ್ತದೆಂದು ಹೇಳುವಂತಿಲ್ಲ. ಬಂಡೀಪುರದಲ್ಲಿ ತಂಗಿದವರು ಮುಸ್ಸಂಜೆಯಲ್ಲಿ ಜಿಂಕೆಯ ಹಿಂಡುಗಳು ಅರಣ್ಯ ಇಲಾಖೆಯ ವಸತಿಗಳ ಅಂಗಳಕ್ಕೆ ಬಂದು ಮಲಗುವುದನ್ನು ನೋಡಿರುತ್ತಾರೆ. ಹುಲಿ, ಸೀಳುನಾಯಿಗಳು ಮನುಷ್ಯನಿಗೆ ಅಂಜಿ ದೂರವಿರುವುದರಿಂದ, ಜಿಂಕೆಗಳು ಮನುಷ್ಯನನ್ನೇ ಗುರಾಣಿಯಾಗಿ ಮಾಡಿಕೊಳ್ಳುತ್ತವೆ. ಅಮೆರಿಕದ ಯೆಲ್ಲೋಸ್ಟೋನ್ ಪ್ರದೇಶದಲ್ಲಿ ಕರಡಿಗಳ ಸಂಖ್ಯೆ ಹೆಚ್ಚಿದಂತೆ ಮೂಸ್ ಎಂಬ ದೊಡ್ಡ ಕಡವೆಗಳು ರಸ್ತೆಯ ಬದಿಗೆ ಬಂದು ಈಯತೊಡಗಿದ್ದನ್ನು ಜೋಯಲ್ ಬರ್ಜರ್ ಅವರು 2007ರಲ್ಲಿ ದಾಖಲಿಸಿದ್ದಾರೆ. ಪ್ರಾಣಿ ನಮ್ಮ ಹತ್ತಿರ ಬಂದಿತೆಂದ ಮಾತ್ರಕ್ಕೆ ಅದಕ್ಕೆ ನಮ್ಮಲ್ಲಿ ಪ್ರೀತಿ ಹುಟ್ಟಿತೆಂದು ತಿಳಿಯಬಾರದು. ಎರಡು ಭಯಗಳಲ್ಲಿ ಚಿಕ್ಕದನ್ನು ಅದು ಆರಿಸಿಕೊಂಡಿರುತ್ತದೆ.

ಖೆಡ್ಡಾದ ನೆನಪು

ಆನೆಯ ಹಿಂಡನ್ನು ಬೆದರಿಸಿ ನಡೆಸುವ ವಿದ್ಯೆ ಮೈಸೂರು ಸೀಮೆಗೆ ಹೊಸದಲ್ಲ. 1873-74ರಲ್ಲಿ ಜಿ. ಪಿ. ಸ್ಯಾಂಡರ್ಸನ್ ಅವರು ಚಾಮರಾಜನಗರದ ಕಡೆಯ ಕಾಡುಗಳಲ್ಲಿ ಖೆಡ್ಡಾ ಪದ್ಧತಿಯನ್ನು ಆರಂಭಿಸಿದರು. ಮುಂದೆ ಹೆಗ್ಗಡದೇವನಕೋಟೆ ತಾಲ್ಲೂಕಿನ ಕಾಕನಕೋಟೆ ಅದಕ್ಕೆ ಜಗತ್ಪ್ರಸಿದ್ಧ ನೆಲೆಯಾಯಿತು. ನೂರಾರು ಜನ ತಮಟೆ ಬಾರಿಸುತ್ತ, ಬೆಂಕಿ ಹಚ್ಚುತ್ತ, ಕೂಗುತ್ತ ಹಿಂಡನ್ನು ಸುತ್ತುವರಿದು ಕಬಿನಿ ನದಿಗೆ ಇಳಿಸಿ, ದೊಡ್ಡಿಯೊಳಗೆ ನೂಕುತ್ತಿದ್ದರು. ನಮ್ಮ ಹಿರಿಯ ಸದಸ್ಯರಲ್ಲಿ ಕೆಲವರಾದರೂ ಬಾಲ್ಯದಲ್ಲಿ ಅದರ ವರ್ಣನೆಗಳನ್ನು ಕೇಳಿರಬಹುದು. ಕೊನೆಯ ಖೆಡ್ಡಾ ನಡೆದದ್ದು 1971ರಲ್ಲಿ.

ಖೆಡ್ಡಾದ ಯಶಸ್ಸು ನಿಂತಿದ್ದುದು ಹಿಂಡಿನ ಒಂದು ಗುಣದ ಮೇಲೆ. ಅಪಾಯ ಕಂಡೊಡನೆ ಆನೆಗಳು ಚದುರುವ ಬದಲು ಮರಿಗಳನ್ನು ನಡುವೆ ಇಟ್ಟುಕೊಂಡು ಒತ್ತಾಗಿ ನಿಲ್ಲುತ್ತವೆ, ಒಟ್ಟಾಗಿಯೇ ಓಡುತ್ತವೆ. ಹುಲಿಯಿಂದ ಮರಿಯನ್ನು ಕಾಪಾಡುವ ಈ ಕ್ರಮವೇ ಮನುಷ್ಯನೆದುರು ಇಡೀ ಕುಟುಂಬವನ್ನು ಒಂದೇ ಬಾರಿಗೆ ಸೆರೆಗೆ ಒಪ್ಪಿಸುತ್ತಿತ್ತು. ಇಂದು ಹೊಲದಿಂದ ಆನೆಗಳನ್ನು ಪಟಾಕಿ ಸಿಡಿಸಿ ಓಡಿಸುವಾಗಲೂ ಇದೇ ಗುಣ ಕೆಲಸ ಮಾಡುತ್ತದೆ. ಮರಿಯಿರುವ ಹಿಂಡು ದಾರಿ ಕಾಣದೆ ಒತ್ತಿ ನಿಂತರೆ ಮುಂದಿನ ಹೆಜ್ಜೆ ತಿರುಗಿಬೀಳುವುದೇ ಆಗಿರುತ್ತದೆ.

ರಸ್ತೆ ಮತ್ತು ರಾತ್ರಿ

ಬಂಡೀಪುರವನ್ನು ಸೀಳಿಕೊಂಡು ಎರಡು ರಾಷ್ಟ್ರೀಯ ಹೆದ್ದಾರಿಗಳು ಹೋಗುತ್ತವೆ. ಒಂದು ಗುಂಡ್ಲುಪೇಟೆಯಿಂದ ಸುಲ್ತಾನ್ ಬತ್ತೇರಿಯ ಮೂಲಕ ಕೋಳಿಕ್ಕೋಡಿಗೆ, ಇನ್ನೊಂದು ಗೂಡಲೂರಿನ ಮೂಲಕ ಊಟಿಗೆ. ರಾತ್ರಿ ವಾಹನಗಳಿಗೆ ಸಿಲುಕಿ ಪ್ರಾಣಿಗಳು ಸಾಯುತ್ತಿದ್ದುದರಿಂದ 2009ರಲ್ಲಿ ಚಾಮರಾಜನಗರದ ಜಿಲ್ಲಾಡಳಿತವು ರಾತ್ರಿ ಸಂಚಾರವನ್ನು ನಿಷೇಧಿಸಿತು. ಆದೇಶ ಹಿಂತೆಗೆತ, ಮೊಕದ್ದಮೆಗಳ ಬಳಿಕ 2010ರ ಮಾರ್ಚ್‌ನಲ್ಲಿ ಕರ್ನಾಟಕ ಉಚ್ಚ ನ್ಯಾಯಾಲಯವು ನಿಷೇಧವನ್ನು ಎತ್ತಿಹಿಡಿಯಿತು. ಕೇರಳವು ಸರ್ವೋಚ್ಚ ನ್ಯಾಯಾಲಯದ ಮೊರೆಹೊಕ್ಕಿತು. ತುರ್ತು ವಾಹನಗಳಿಗೂ ನಿಗದಿತ ಸಂಖ್ಯೆಯ ಸರ್ಕಾರಿ ಬಸ್ಸುಗಳಿಗೂ ವಿನಾಯಿತಿ ಇದೆ. ಉಳಿದವರಿಗೆ ಹುಣಸೂರು, ಗೋಣಿಕೊಪ್ಪ, ಕುಟ್ಟದ ಮೂಲಕ ಮಾನಂದವಾಡಿಗೆ ಹೋಗುವ ಬಳಸುದಾರಿಯಿದೆ. ವಯನಾಡಿನ ಜನರಿಗೂ ವ್ಯಾಪಾರಿಗಳಿಗೂ ಇದರಿಂದ ತೊಂದರೆಯಾಗುತ್ತಿರುವುದು ನಿಜ. ಅದನ್ನು ಲಘುವಾಗಿ ಎಣಿಸುವಂತಿಲ್ಲ.

ಆದರೆ ರಸ್ತೆಯಲ್ಲಿ ಸತ್ತುಬಿದ್ದ ಪ್ರಾಣಿಗಳ ಎಣಿಕೆ ನಷ್ಟದ ಒಂದು ಭಾಗ ಮಾತ್ರ. ನಾಗರಹೊಳೆಯಲ್ಲಿ ಮೈಸೂರು-ಮಾನಂದವಾಡಿ ರಸ್ತೆಯ ಹೆಚ್ಚು ದಟ್ಟಣೆಯ ಹಾಗೂ ಕಡಿಮೆ ದಟ್ಟಣೆಯ ಭಾಗಗಳನ್ನು ಹೋಲಿಸಿ ಸಂಜಯ್ ಗುಬ್ಬಿ ಮತ್ತು ಸಂಗಡಿಗರು 2012ರಲ್ಲಿ ಪ್ರಕಟಿಸಿದ ಅಧ್ಯಯನವು, ವಾಹನ ಹೆಚ್ಚಿದ್ದೆಡೆ ದೊಡ್ಡ ಸಸ್ತನಿಗಳು ರಸ್ತೆಯ ಅಂಚನ್ನು ಬಳಸುವುದು ಕಡಿಮೆಯೆಂದು ತೋರಿಸಿತು. ರಸ್ತೆ ಕೆಲವೇ ಮೀಟರ್ ಅಗಲವಿರಬಹುದು, ಅದರ ಭಯದ ಅಗಲ ಬಹಳ ದೊಡ್ಡದು. ಅಂಚಿನ ಮೇವು ಇದ್ದೂ ಇಲ್ಲದಂತಾಗುತ್ತದೆ. ಆಚೆಬದಿಯ ಕೆರೆಗೆ ಹೋಗಬೇಕಾದ ಹಿಂಡು ಮರಿಗಳೊಡನೆ ಕಾಯುತ್ತ ನಿಲ್ಲುತ್ತದೆ. ಹಗಲಿಡೀ ಸಾವಿರಾರು ವಾಹನಗಳನ್ನು ಸಹಿಸಿದ ಕಾಡಿಗೆ ರಾತ್ರಿಯ ಒಂಬತ್ತು ಗಂಟೆಗಳನ್ನಾದರೂ ಬಿಟ್ಟುಕೊಡುವುದರ ಅರ್ಥ ಇದು.

ಹಿನ್ನೀರಿನ ಹುಲ್ಲು

ಎಲ್ಲ ಅಡ್ಡಿಯೂ ಸದ್ದಿನದಲ್ಲ. ಕಬಿನಿ ಜಲಾಶಯವು 1974ರಲ್ಲಿ ತುಂಬಿದಾಗ ಖೆಡ್ಡಾದ ಕಾಕನಕೋಟೆಯ ಕಾಡು ನೀರಿನಡಿ ಸೇರಿತು. ಬೇಸಿಗೆಯಲ್ಲಿ ನೀರು ಇಳಿದಾಗ ಅಂಚಿನಲ್ಲಿ ಹಸಿರು ಹುಲ್ಲು ಚಿಗುರಿ, ನಾಗರಹೊಳೆ ಬಂಡೀಪುರಗಳ ಆನೆಗಳನ್ನು ಸೆಳೆಯುತ್ತದೆ. ಪ್ರವಾಸಿಗರು ನೋಡಿ ಬೆರಗಾಗುವ ಈ ಮಹಾಮೇಳ ಮನುಷ್ಯನು ಕಟ್ಟಿದ ಅಣೆಕಟ್ಟಿನ ಫಲ. ಬೆಂಗಳೂರಿನ ಜವಾಹರಲಾಲ್ ನೆಹರೂ ಉನ್ನತ ವೈಜ್ಞಾನಿಕ ಸಂಶೋಧನ ಕೇಂದ್ರದ ಟಿ. ಎನ್. ಸಿ. ವಿದ್ಯಾ ಮತ್ತು ಅವರ ತಂಡದವರು 2009ರಿಂದ ಇಲ್ಲಿಯ ಆನೆಗಳನ್ನು ಕಿವಿಯ ಅಂಚು, ಬಾಲದ ಕೂದಲು ಮೊದಲಾದ ಗುರುತುಗಳಿಂದ ಒಂದೊಂದಾಗಿ ಗುರುತಿಸಿ ಅಭ್ಯಸಿಸುತ್ತಿದ್ದಾರೆ. ಚದುರಿದ ಮೇವಿರುವ ಕಾಡಿನಲ್ಲಿ ಒಂದಕ್ಕೊಂದು ದೂರವಿರುವ ಕುಲಗಳು ಇಲ್ಲಿ ಒಂದೇ ಹುಲ್ಲುಗಾವಲಿಗಾಗಿ ಮುಖಾಮುಖಿಯಾಗುತ್ತವೆ, ಬಲವುಳ್ಳ ಕುಲಗಳು ಉಳಿದವನ್ನು ಹಿಮ್ಮೆಟ್ಟಿಸುತ್ತವೆ ಎಂಬುದನ್ನು ಅವರು ಕಂಡಿದ್ದಾರೆ. ನೀರು, ಮೇವನ್ನು ನಾವು ಒಂದೆಡೆ ಗುಡ್ಡೆಹಾಕಿದರೆ ಪ್ರಾಣಿಗಳ ಸಂಬಂಧಗಳೇ ಬದಲಾಗುತ್ತವೆ.

ಹೊಲದ ರಾಗಿ, ತೋಟದ ಹಲಸು

ಆನೆ ಏಕೆ ಹೊಲಕ್ಕೆ ಬರುತ್ತದೆ ಎಂಬುದಕ್ಕೆ ಕಾಡು ಕಡಿಮೆಯಾದದ್ದೊಂದೇ ಕಾರಣವೆಂಬ ನಂಬಿಕೆ ವ್ಯಾಪಕವಾಗಿದೆ. 1980ರ ದಶಕದ ಆರಂಭದಲ್ಲಿ ಬಿಳಿಗಿರಿರಂಗನ ಬೆಟ್ಟದ ಸುತ್ತಮುತ್ತ ಅಧ್ಯಯನ ನಡೆಸಿದ ಭಾರತೀಯ ವಿಜ್ಞಾನ ಸಂಸ್ಥೆಯ ರಾಮನ್ ಸುಕುಮಾರ್ ಅವರು ಇನ್ನೊಂದು ಕಾರಣವನ್ನು ತೋರಿಸಿಕೊಟ್ಟರು. ರಾಗಿ ಮೊದಲಾದ ಬೆಳೆಗಳಲ್ಲಿ ಕಾಡುಹುಲ್ಲಿಗಿಂತ ಪ್ರೋಟೀನು, ಸುಣ್ಣದ ಅಂಶ, ಸೋಡಿಯಂ ಅಧಿಕವಾಗಿರುತ್ತವೆ. ಹೊಲಕ್ಕೆ ನುಗ್ಗುವುದರಲ್ಲಿ ಪ್ರಾಣಾಪಾಯವಿದ್ದರೂ ಲಾಭ ದೊಡ್ಡದು. ಮರಿಗಳ ಹೊಣೆಯಿಲ್ಲದ ಸಲಗಗಳು ಈ ಅಪಾಯಕ್ಕೆ ಹಿಂಡುಗಳಿಗಿಂತ ಹಲವು ಪಟ್ಟು ಹೆಚ್ಚಾಗಿ ಇಳಿಯುತ್ತವೆಂದು ಅವರೂ ಮಾಧವ ಗಾಡ್ಗೀಳರೂ 1988ರಲ್ಲಿ ಪ್ರಕಟಿಸಿದರು.

ಮುಂದಿನ ಮೂರು ದಶಕಗಳಲ್ಲಿ ಸಲಗಗಳ ಬದುಕೇ ಮಾರ್ಪಟ್ಟಿತು. ದಕ್ಷಿಣ ಕರ್ನಾಟಕ ಮತ್ತು ಅದಕ್ಕೆ ಹೊಂದಿದ ಪ್ರದೇಶದಲ್ಲಿ 248 ಗಂಡಾನೆಗಳನ್ನು 1,445 ಛಾಯಾಚಿತ್ರ ದಾಖಲೆಗಳ ನೆರವಿನಿಂದ ಗುರುತಿಸಿದ ನಿಶಾಂತ್ ಶ್ರೀನಿವಾಸಯ್ಯ ಮತ್ತು ಸಂಗಡಿಗರು 2019ರಲ್ಲಿ ಒಂದು ಅಚ್ಚರಿಯ ಸಂಗತಿಯನ್ನು ವರದಿ ಮಾಡಿದರು. ಒಂಟಿಯಾಗಿರಬೇಕಾದ ಎಳೆಯ ಪ್ರಾಯದ ಗಂಡಾನೆಗಳು ಕಾಡಿನ ಹೊರಗಿನ ಹೊಲ, ಕೆರೆ, ನೀಲಗಿರಿ ತೋಪುಗಳ ಸೀಮೆಯಲ್ಲಿ ದೊಡ್ಡ ಗುಂಪುಗಳನ್ನು ಕಟ್ಟಿಕೊಂಡು ದೀರ್ಘಕಾಲ ಒಟ್ಟಿಗೆ ಬಾಳುತ್ತಿವೆ. ಜನರ ನಡುವೆ ಅಲೆಯುವ ಅಪಾಯವನ್ನು ಹಂಚಿಕೊಳ್ಳಲು, ಹಿರಿಯ ಸಲಗಗಳಿಂದ ಕಲಿಯಲು ಈ ಕೂಟಗಳು ಸಹಾಯಕವೆಂದು ಅವರ ಅಭಿಪ್ರಾಯ. ಕಾಡಿನಲ್ಲಿ ಒಂಟಿ ಸಲಗವಾಗಿದ್ದದ್ದು ನಾಡಿನಲ್ಲಿ ಹಿಂಡಾಯಿತು.

ಕೊಡಗು, ಹಾಸನ, ಚಿಕ್ಕಮಗಳೂರುಗಳ ಕಾಫಿ ತೋಟಗಳ ಕಥೆ ಇನ್ನೂ ಜಟಿಲವಾದುದು. ತೋಟದಲ್ಲಿ ಮರಗಳ ನೆರಳಿದೆ, ವರ್ಷವಿಡೀ ಕೆರೆಯ ನೀರಿದೆ, ಹಲಸು ಬಾಳೆಗಳಿವೆ. ಹೆಣ್ಣಾನೆಗಳು ಅಲ್ಲಿಯೇ ಮರಿಹಾಕಿ, ಆ ಮರಿಗಳು ತೋಟವನ್ನೇ ಮನೆಯೆಂದು ತಿಳಿದು ಬೆಳೆದಿವೆ. ಇಂತಹ ಆನೆಗಳು ಸದಾ ಉದ್ವೇಗದಲ್ಲಿರುತ್ತವೆಂದು ನಾವು ಊಹಿಸಬಹುದು. ಸಂಜೀತಾ ಪೋಖರೆಲ್, ಸುಕುಮಾರ್ ಮತ್ತು ಸಂಗಡಿಗರು ಲದ್ದಿಯಲ್ಲಿರುವ ಒತ್ತಡದ ಹಾರ್ಮೋನುಗಳನ್ನು ಅಳೆದು ನೋಡಿದರು. ಹಾಸನದ ಬೆಳೆ ಮೇಯುವ ಆನೆಗಳಲ್ಲಿ ಅದರ ಪ್ರಮಾಣ ಬಂಡೀಪುರ-ನಾಗರಹೊಳೆಯ ಆನೆಗಳಲ್ಲಿರುವುದಕ್ಕಿಂತ ಕಡಿಮೆಯಿತ್ತು! ಪುಷ್ಟಿಯಾದ ಆಹಾರವೇ ಭಯವನ್ನು ತಣಿಸುತ್ತಿದೆಯೆಂಬ ವಿವರಣೆಯನ್ನು ಅವರು 2019ರ ತಮ್ಮ ಪ್ರಬಂಧದಲ್ಲಿ ನೀಡಿದ್ದಾರೆ. ಕಾಡಿಗೆ ಅಟ್ಟಿದ ಆನೆ ನಾಲ್ಕೇ ದಿನಗಳಲ್ಲಿ ಏಕೆ ತೋಟಕ್ಕೆ ಮರಳುತ್ತದೆ ಎಂಬುದು ಇದರಿಂದ ಅರ್ಥವಾಗುತ್ತದೆ.

ಇದರ ಬೆಲೆಯನ್ನು ತೆರುವವರು ಯಾರು? ಮುಂಜಾನೆಯ ಮಂಜಿನಲ್ಲಿ ತೋಟಕ್ಕೆ ನಡೆದು ಹೋಗುವ ಕೂಲಿಯಾಳುಗಳು, ರಾಗಿಯ ಹೊಲದ ಅಟ್ಟಣೆಯಲ್ಲಿ ಕಾವಲು ಮಲಗುವ ರೈತರು, ಶಾಲೆಗೆ ಹೋಗುವ ಮಕ್ಕಳು. ದೇಶದಲ್ಲಿ ವರ್ಷಕ್ಕೆ ಸುಮಾರು 500 ಜನ ಆನೆಗಳಿಂದ ಸಾಯುತ್ತಾರೆ. ವಿದ್ಯುತ್ ಸ್ಪರ್ಶ, ವಿಷ, ಗುಂಡು, ರೈಲುಗಳಿಗೆ ಆನೆಗಳೂ ಬಲಿಯಾಗುತ್ತವೆ. ಊರಿನ ತೋಟವನ್ನು ಅಣ್ಣತಮ್ಮಂದಿರಿಗೆ ಬಿಟ್ಟು ನಗರದಲ್ಲಿ ನೆಲೆಸಿರುವ ನಮ್ಮ ಅನೇಕ ಓದುಗರಿಗೆ ಇದು ವೃತ್ತಪತ್ರಿಕೆಯ ಸುದ್ದಿಯಷ್ಟೇ ಅಲ್ಲ, ಮನೆಯ ದೂರವಾಣಿಯಲ್ಲಿ ಕೇಳುವ ಮಾತು.

ಹಿಡಿದು ಸಾಗಿಸಿದರೆ?

ಹಾಸನ ಜಿಲ್ಲೆಯ ಆಲೂರು, ಸಕಲೇಶಪುರ ಭಾಗದಲ್ಲಿ ಆನೆಗಳ ಹಾವಳಿ ವಿಪರೀತವಾದಾಗ ಉಚ್ಚ ನ್ಯಾಯಾಲಯದ ನಿರ್ದೇಶನದಂತೆ ಸುಕುಮಾರ್ ಅವರ ನೇತೃತ್ವದಲ್ಲಿ ಕಾರ್ಯಪಡೆಯೊಂದು ರಚನೆಯಾಗಿ 2012ರಲ್ಲಿ ವರದಿಯನ್ನಿತ್ತಿತು. ಆನೆಗಳನ್ನು ಸಂರಕ್ಷಿಸಬೇಕಾದ ವಲಯ, ಜನರೂ ಆನೆಗಳೂ ಹೊಂದಿ ಬಾಳಬೇಕಾದ ವಲಯ, ಆನೆಗಳನ್ನು ತೆರವುಗೊಳಿಸಬೇಕಾದ ವಲಯ ಎಂದು ರಾಜ್ಯವನ್ನು ಮೂರಾಗಿ ನೋಡಬೇಕೆಂದು ಅದು ಸಲಹೆ ಮಾಡಿತು. ತರುವಾಯ ಆ ಭಾಗದಿಂದ 20ಕ್ಕೂ ಹೆಚ್ಚು ಆನೆಗಳನ್ನು ಸೆರೆಹಿಡಿಯಲಾಯಿತು. ಕೆಲವು ವರ್ಷಗಳಲ್ಲಿ ಬೇರೆ ಆನೆಗಳು ಅದೇ ಜಾಗವನ್ನು ತುಂಬಿದವು.

ಸೆರೆಯ ಕಾರ್ಯಾಚರಣೆಯ ಅಪಾಯ ಕನ್ನಡಿಗರೆಲ್ಲರ ಮನಸ್ಸಿಗೆ ತಟ್ಟಿದ್ದು 2023ರ ಡಿಸೆಂಬರ್ 4ರಂದು. ಎಂಟು ಬಾರಿ ದಸರೆಯ ಚಿನ್ನದ ಅಂಬಾರಿಯನ್ನು ಹೊತ್ತಿದ್ದ ಅರ್ಜುನ ಸಕಲೇಶಪುರ ತಾಲ್ಲೂಕಿನ ಯಸಳೂರು ಬಳಿ ಕಾಡಾನೆಯೊಡನೆ ಕಾದಾಡಿ ಮಡಿದನು. ಆ ದಿನ ಅನೇಕ ಮನೆಗಳಲ್ಲಿ ಬಂಧುವನ್ನು ಕಳೆದುಕೊಂಡಂತಹ ದುಃಖವಿತ್ತು.

ಹಿಂಡಿನಿಂದ ಹಿರಿಯರನ್ನು ತೆಗೆದುಹಾಕುವುದರ ಪರಿಣಾಮ ಏನೆಂಬುದಕ್ಕೆ ದಕ್ಷಿಣ ಆಫ್ರಿಕದ ಪಿಲಾನೆಸ್‌ಬರ್ಗ್ ಉದ್ಯಾನವು ಎಚ್ಚರಿಕೆಯ ನಿದರ್ಶನವಾಗಿದೆ. ಕ್ರೂಗರ್ ಉದ್ಯಾನದಲ್ಲಿ ಸಂಖ್ಯೆ ತಗ್ಗಿಸಲೆಂದು ದೊಡ್ಡ ಆನೆಗಳನ್ನು ಕೊಂದು, ಅನಾಥ ಮರಿಗಳನ್ನು ಅಲ್ಲಿಗೆ ಸಾಗಿಸಲಾಗಿತ್ತು. ಹಿರಿಯರಿಲ್ಲದೆ ಬೆಳೆದ ಗಂಡಾನೆಗಳಿಗೆ ಅಕಾಲದಲ್ಲಿ ಮದವೇರಿ, 1992ರಿಂದ 1997ರವರೆಗೆ 40ಕ್ಕೂ ಹೆಚ್ಚು ಬಿಳಿ ಖಡ್ಗಮೃಗಗಳನ್ನು ಕೊಂದವು. 1998ರಲ್ಲಿ ಆರು ಹಿರಿಯ ಸಲಗಗಳನ್ನು ತಂದು ಬಿಟ್ಟ ಮೇಲೆ ಆ ಹತ್ಯೆ ನಿಂತಿತು. ಅಲ್ಲಿಯ ಹೆಣ್ಣಾನೆಗಳು ಪರಿಚಿತರ ಮತ್ತು ಅಪರಿಚಿತರ ದನಿಗಳನ್ನು ಸರಿಯಾಗಿ ಬೇರ್ಪಡಿಸಲಾರದಷ್ಟು ಸಾಮಾಜಿಕ ತಿಳಿವನ್ನು ಕಳೆದುಕೊಂಡಿದ್ದವೆಂದು 2013ರ ಅಧ್ಯಯನ ತೋರಿಸಿತು. ಮನೆಯ ಹಿರಿಯರು ಒಮ್ಮೆಗೇ ಇಲ್ಲವಾದರೆ ಮನೆತನದ ನಡೆನುಡಿ ಹೇಗೆ ಅಳಿಯುತ್ತದೆಂಬುದು ನಮಗೆ ತಿಳಿಯದ ವಿಷಯವಲ್ಲ.

ಗಡಿ ದಾಟಿದ ಹಿಂಡುಗಳು

ನೆಲೆ ತಪ್ಪಿದ ಆನೆಗಳು ನಮ್ಮಂತೆಯೇ ಹೊರನಾಡಿಗೂ ಹೋಗಿವೆ. ಉತ್ತರ ಕನ್ನಡದ ದಾಂಡೇಲಿ ಕಡೆಯ ಆನೆಗಳು 2002ರ ಸುಮಾರಿನಿಂದ ಬೆಳಗಾವಿಯ ಗಡಿಯನ್ನು ದಾಟಿ ಮಹಾರಾಷ್ಟ್ರದ ಸಿಂಧುದುರ್ಗ, ಕೊಲ್ಹಾಪುರ ಜಿಲ್ಲೆಗಳನ್ನು ಹೊಕ್ಕವು. ಅಲ್ಲಿಯ ತೆಂಗು, ಬಾಳೆಯ ರೈತರಿಗೆ ಆನೆಯೊಡನೆ ಬಾಳಿದ ಅನುಭವವಿರಲಿಲ್ಲ. ಆನೆಗಳಿಗೂ ಆ ನೆಲದ ಪರಿಚಯವಿರಲಿಲ್ಲ. ಆಂಧ್ರದ ಚಿತ್ತೂರು ಸೀಮೆಗೆ ಬಹುಕಾಲದ ಬಳಿಕ ಆನೆಗಳು ಬಂದದ್ದು 1980ರ ದಶಕದಲ್ಲಿ. ಅವುಗಳಿಗಾಗಿಯೇ ಕೌಂಡಿನ್ಯ ಅಭಯಾರಣ್ಯವು ಏರ್ಪಟ್ಟಿತು. 2025ರ ಮೇ ತಿಂಗಳಲ್ಲಿ ಕರ್ನಾಟಕವು ಪಳಗಿದ ಆನೆಗಳನ್ನು ಆಂಧ್ರಕ್ಕೆ ಒಪ್ಪಿಸಿದುದನ್ನು ಹೈದರಾಬಾದಿನ ನಮ್ಮ ಓದುಗರು ಗಮನಿಸಿರಬಹುದು. 2025ರಲ್ಲಿ ಪ್ರಕಟವಾದ ಡಿಎನ್ಎ ಆಧಾರಿತ ಗಣತಿಯಂತೆ ದೇಶದಲ್ಲಿ 22,446 ಕಾಡಾನೆಗಳಿದ್ದು, 6,013 ಆನೆಗಳಿರುವ ಕರ್ನಾಟಕವು ಮೊದಲ ಸ್ಥಾನದಲ್ಲಿದೆ. ಹಿರಿಮೆಯೂ ಹೊಣೆಯೂ ಎರಡೂ ನಮ್ಮವೇ.

ಪ್ರವಾಸಿಗಳು ಮತ್ತು ಆನೆಯ ನೆನಪು

ಶ್ರೀಲಂಕಾದ ಉಡವಳವೆ ಉದ್ಯಾನದಲ್ಲಿ ನಡೆದ ಅಧ್ಯಯನವೊಂದು 2015ರಲ್ಲಿ ಪ್ರಕಟವಾಯಿತು. ಪ್ರವಾಸಿ ವಾಹನಗಳಿದ್ದಾಗ ಆನೆಗಳು ಮೇಯುವುದು ತಗ್ಗಿ, ಎಚ್ಚರ, ಭಯ, ಸಿಟ್ಟಿನ ಲಕ್ಷಣಗಳು ಹೆಚ್ಚುವುದನ್ನು ಅದು ದಾಖಲಿಸಿತು. ಬಲು ಹತ್ತಿರ ಹೋಗುವುದು, ಸದ್ದು ಮಾಡುವುದು ಇದಕ್ಕೆ ಮುಖ್ಯ ಕಾರಣಗಳು.

ಆಹಾರ ನೀಡುವುದು ಇನ್ನೂ ಕೆಟ್ಟದ್ದು. ಚಾಮರಾಜನಗರದಿಂದ ಸತ್ಯಮಂಗಲಕ್ಕೆ ಹೋಗುವ ಹೆದ್ದಾರಿಯಲ್ಲಿ ಲಾರಿಗಳಿಂದ ಬಿದ್ದ, ಬೀಳಿಸಿದ ಕಬ್ಬಿನ ರುಚಿ ಹತ್ತಿ ಆನೆಗಳು ರಸ್ತೆಯ ನಡುವೆ ನಿಂತು ಲಾರಿಗಳನ್ನು ತಡೆಯುವುದನ್ನು ಕಲಿತಿವೆ. ತಾಯಿಯ ಜೊತೆ ನಿಂತ ಮರಿ ಇದನ್ನೇ ಬದುಕಿನ ಪಾಠವೆಂದು ತಿಳಿಯುತ್ತದೆ. 2025ರ ಆಗಸ್ಟ್‌ನಲ್ಲಿ ಬಂಡೀಪುರದ ರಸ್ತೆಯಲ್ಲಿ ಚಿತ್ರ ತೆಗೆಯಲೆಂದು ಕಾಡಾನೆಯ ಬಳಿ ಹೋದ ಪ್ರವಾಸಿಯೊಬ್ಬರು ಅದರ ಕಾಲಡಿಗೆ ಸಿಕ್ಕಿಯೂ ಬದುಕುಳಿದು, 25,000 ರೂಪಾಯಿ ದಂಡ ತೆತ್ತರು. ಎಲ್ಲರಿಗೂ ಆ ಅದೃಷ್ಟವಿರುವುದಿಲ್ಲ.

ಆನೆಗಳು ಮನುಷ್ಯರನ್ನು ಒಂದೇ ಎಂದು ಕಾಣುವುದಿಲ್ಲ. ಕೀನ್ಯಾದ ಅಂಬೋಸೆಲಿಯ ಆನೆಗಳು ಭರ್ಜಿ ಹಿಡಿಯುವ ಮಸಾಯ್ ಗಂಡಸರ ಬಟ್ಟೆಯ ವಾಸನೆಗೆ ಬೆದರಿ, ಕೃಷಿಕರಾದ ಕಂಬಾ ಜನರ ಬಟ್ಟೆಗೆ ಅಷ್ಟಾಗಿ ಬೆದರಲಿಲ್ಲವೆಂದು 2007ರಲ್ಲಿಯೂ, ದನಿಯಿಂದಲೇ ಈ ಎರಡು ಜನಾಂಗಗಳನ್ನು, ಗಂಡಸರನ್ನು, ಹೆಂಗಸರನ್ನು ಬೇರೆಬೇರೆಯಾಗಿ ಗುರುತಿಸುತ್ತವೆಂದು 2014ರಲ್ಲಿಯೂ ಸಂಶೋಧಕರು ಪ್ರಯೋಗಗಳಿಂದ ತೋರಿಸಿದರು. ಇಂದು ಒಬ್ಬರು ಎಸೆದ ಕಲ್ಲಿನ ಫಲವನ್ನು ನಾಳೆ ಅದೇ ದಾರಿಯಲ್ಲಿ ಬರುವ ಇನ್ನೊಬ್ಬರು ಉಣ್ಣುವ ಸಾಧ್ಯತೆ ಇದರಿಂದ ಸ್ಪಷ್ಟವಾಗುತ್ತದೆ.

ದಾರಿಗಳಿವೆ

ತಮಿಳುನಾಡಿನ ವಾಲ್ಪಾರೈ ಪ್ರಸ್ಥಭೂಮಿಯು ಸುಮಾರು 220 ಚದರ ಕಿಲೋಮೀಟರು ಚಹಾ, ಕಾಫಿ ತೋಟಗಳ ನಾಡು. ಸುತ್ತಲೂ ಆನೈಮಲೈ ಕಾಡುಗಳಿವೆ. ಅಲ್ಲಿ ಸತ್ತವರಲ್ಲಿ ಹೆಚ್ಚಿನವರು ಆನೆ ಹತ್ತಿರವಿರುವುದನ್ನು ಅರಿಯದೆ ಎದುರಾದವರೆಂದು ಎಂ. ಆನಂದ ಕುಮಾರ್ ಮತ್ತು ಅವರ ಸಹೋದ್ಯೋಗಿಗಳು ಕಂಡುಕೊಂಡರು. ಆನೆ ಎಲ್ಲಿದೆಯೆಂಬುದನ್ನು ಸಂಜೆಯೇ ಸ್ಥಳೀಯ ದೂರದರ್ಶನ ವಾಹಿನಿಯಲ್ಲಿ, ಬಳಿಕ ಮೊಬೈಲ್ ಸಂದೇಶಗಳಲ್ಲಿ, ಕೆಂಪು ದೀಪಗಳ ಮೂಲಕ ತಿಳಿಸತೊಡಗಿದ ಮೇಲೆ ಸಾವುಗಳು ಗಣನೀಯವಾಗಿ ಇಳಿದವು. ಹಾಸನದಲ್ಲಿಯೂ ಇಂತಹ ಮುನ್ನೆಚ್ಚರಿಕೆಯ ವ್ಯವಸ್ಥೆ ಬಂದಿದೆ. 2022ರಲ್ಲಿ ರಾಜ್ಯ ಸರ್ಕಾರವು ಆನೆ ಕಾರ್ಯಪಡೆಗಳನ್ನು ರಚಿಸಿ, ಹಿಂಡಿನ ಹಿರಿಯ ಹೆಣ್ಣಾನೆಗೆ ರೇಡಿಯೋ ಕಾಲರ್ ತೊಡಿಸಿ ಅದರ ಜಾಡು ಹಿಡಿಯುವ ಕ್ರಮವನ್ನು ಬಲಪಡಿಸಿತು. ಒಂದರ ಜಾಡು ತಿಳಿದರೆ ಇಡೀ ಕುಟುಂಬದ ಜಾಡು ತಿಳಿದಂತೆ. ಖೆಡ್ಡಾದಲ್ಲಿ ಹಿಂಡಿಗೆ ಮುಳುವಾದ ಗುಣವೇ ಇಲ್ಲಿ ಜನರನ್ನೂ ಹಿಂಡನ್ನೂ ಕಾಯುತ್ತದೆ.

ಪ್ರವಾಸ ಹೊರಡುವ ನಮ್ಮ ಕುಟುಂಬಗಳು ಪಾಲಿಸಬಹುದಾದ ಕೆಲವು ಸರಳ ನಿಯಮಗಳನ್ನು ಇಲ್ಲಿ ಕೊಡುತ್ತೇವೆ.

1. ಕಾಡಿನ ರಸ್ತೆಗಳನ್ನು ಹಗಲಿನಲ್ಲಿ ದಾಟುವಂತೆ ಪ್ರಯಾಣವನ್ನು ಯೋಜಿಸಿರಿ. ವೇಗವನ್ನು ತಗ್ಗಿಸಿರಿ.
2. ಕಾಡಿನೊಳಗೆ ವಾಹನ ನಿಲ್ಲಿಸಬೇಡಿರಿ, ಕೆಳಗಿಳಿಯಬೇಡಿರಿ, ಹಾರನ್ ಬಾರಿಸಬೇಡಿರಿ.
3. ಹಿಂಡು ರಸ್ತೆ ದಾಟುತ್ತಿದ್ದರೆ ದೂರದಲ್ಲಿಯೇ ನಿಂತು ಕೊನೆಯ ಆನೆ ದಾಟುವವರೆಗೆ ಕಾಯಿರಿ. ತಾಯಿಗೂ ಮರಿಗೂ ನಡುವೆ ಎಂದೂ ವಾಹನ ನುಗ್ಗಿಸಬೇಡಿರಿ.
4. ಆನೆ ಮೇಯುವುದನ್ನು ನಿಲ್ಲಿಸಿ ಕಿವಿಯಗಲಿಸಿ ನಿಂತರೆ, ಸೊಂಡಿಲನ್ನು ನಿಮ್ಮತ್ತ ಎತ್ತಿದರೆ, ನೀವು ಆಗಲೇ ಬಹಳ ಹತ್ತಿರ ಬಂದಿದ್ದೀರಿ. ನಿಧಾನವಾಗಿ ಹಿಂದೆ ಸರಿಯಿರಿ.
5. ಮಂಗ, ಜಿಂಕೆ, ಆನೆ ಯಾವುದಕ್ಕೂ ತಿಂಡಿ ಎಸೆಯಬೇಡಿರಿ.
6. ಬಂಧುಗಳ ತೋಟದಲ್ಲಿ ತಂಗಿದಾಗ ಬೆಳಗಿನ ಹಾಗೂ ಸಂಜೆಯ ನಡಿಗೆಗೆ ಮುನ್ನ ಆನೆಗಳ ಸುಳಿವನ್ನು ಸ್ಥಳೀಯರಲ್ಲಿ ವಿಚಾರಿಸಿರಿ.

ಮುಂದಿನ ಸಲ ಬಂಡೀಪುರದ ಠಾಣೆಯಲ್ಲಿ ಬಾಗಿಲು ಮುಚ್ಚಿದ್ದನ್ನು ಕಂಡಾಗ ಮಕ್ಕಳು ಏಕೆಂದು ಕೇಳಿದರೆ, ಆಚೆಗೆ ಒಂದು ಕುಟುಂಬ ನೀರಿಗೆ ಹೋಗುತ್ತಿದೆ, ಅದರಲ್ಲಿ ಅಜ್ಜಿಯಿದ್ದಾಳೆ, ಹಾಲು ಕುಡಿಯುವ ಮರಿಯಿದೆ, ಅವು ದಾಟಲಿ ಎಂದು ಹೇಳೋಣ. ಬೆಳಗಾಗುವವರೆಗೆ ಕಾಯುವುದರಿಂದ ನಮಗಾಗುವ ನಷ್ಟ ಒಂದು ರಾತ್ರಿಯ ವಸತಿಯಷ್ಟೇ.